ನಡುಬೆರಳಲ್ಲಿ ಹಿತುಕಿದ ಅವರೆ

ಸಾಕಮ್ಮನ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ರಾಗಿ ಕೊಯ್ಯುವಾಗ ಪಕ್ಕದಲ್ಲಿದ್ದ ಅಕ್ಕನ ಕುಡುಗೋಲು ತಾಗಿತ್ತು. ಗಾಯ ಮಾಗಿತು, ಬೆರಳು ಮಾತ್ರ ನೆಟ್ಟಗೆ ನಿಂತುಬಿಟ್ಟಿತು. ಮುದ್ದೆ ಮುರಿಯುವಾಗಲೂ ಬೀದಿಯಲ್ಲಿ ನಿಂತು ಮಾತಾಡುವಾಗಲೂ ಆ ಬೆರಳು ಯಾರನ್ನೋ ತೋರಿಸುತ್ತಿರುವ ಹಾಗೆ ಕಾಣುತ್ತಿತ್ತು.

"ಯಾರ್ನ ತೋರಿಸ್ತಾ ಇದ್ದೀಯಜ್ಜಿ?" ಎಂದು ಮೊಮ್ಮಗಳು ಚಿನ್ನು ಕೇಳಿದರೆ, "ಮ್ಯಾಲಿರೋನ್ನ ಕಣವ್ವ. ಅವ್ನ ಮ್ಯಾಲೆ ನಂದೊಂದು ದೂರು ಅದೆ" ಎನ್ನುತ್ತಿದ್ದಳು.

ನಮ್ಮ ಊರು ಹನಗೋಡಿನಿಂದ ಎರಡು ಮೈಲಿ. ನಮ್ಮ ಮನೆಗೂ ಸಾಕಮ್ಮನ ಮನೆಗೂ ನಡುವೆ ಒಂದೇ ಗೋಡೆ. ಧನುರ್ಮಾಸದ ಚಳಿಗೆ ಅವರೆಕಾಯಿ ಸೊಗಡು ತುಂಬಿಕೊಂಡ ಮೇಲೆ, ಆ ಮನೆಯ ಹಜಾರದಲ್ಲಿ ದಿನವೂ ಬೆಳಿಗ್ಗೆ ನೆನೆದ ಕಾಳಿನ ಪಾತ್ರೆ ಇರುತ್ತಿತ್ತು. ರಾತ್ರಿಯೆಲ್ಲ ನೀರು ಕುಡಿದು ಉಬ್ಬಿದ ಕಾಳನ್ನು ಎಲ್ಲರೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕುತ್ತಾರೆ. ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಟಿದು ಬರುತ್ತದೆ. ಸಾಕಮ್ಮ ಹೆಬ್ಬೆರಳು ನಡುಬೆರಳಿನಲ್ಲಿ ಹಿತುಕುತ್ತಿದ್ದಳು. ತೋರುಬೆರಳು ತನಗೂ ಕೆಲಸಕ್ಕೂ ಸಂಬಂಧವಿಲ್ಲವೆಂಬಂತೆ ಮೇಲೆ ಎದ್ದು ನಿಂತಿರುತ್ತಿತ್ತು. ಸೊಸೆ ಪ್ರಮೀಳಾ ಒಂದು ಮುಷ್ಟಿ ಮುಗಿಸುವುದರೊಳಗೆ ಅವಳದು ಎರಡು ಮುಷ್ಟಿ ಮುಗಿದಿರುತ್ತಿತ್ತು.

ಅತ್ತೆಯ ಕೈಯೂ ಬರಿದು, ಸೊಸೆಯ ಕೈಯೂ ಬರಿದು. ಆ ನಾಲ್ಕು ಕೈಗಳಲ್ಲಿ ಬಳೆಯ ಸದ್ದಿರಲಿಲ್ಲ. ಬೇಳೆ ಪಾತ್ರೆಗೆ ಬೀಳುವ ಸಣ್ಣ ಸದ್ದು ಮಾತ್ರ ಇರುತ್ತಿತ್ತು.

ಸಾಕಮ್ಮನ ಗಂಡ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು ವರ್ಷ. ಮಗ ದೇವರಾಜು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅವಳು ಮತ್ತೆ ಮದುವೆಯಾಗಿ ಯಾರ ಮನೆಗೂ ಹೋಗಲಿಲ್ಲ, ಎರಡೆಕರೆ ಹೊಲವನ್ನೂ ಮಗನನ್ನೂ ನೋಡಿಕೊಂಡು ಉಳಿದಳು. "ಸಾಕವ್ವ ಅಂದ್ರೆ ಬೆಂಕಿ. ಆವತ್ತಿಂದ ಒಂದು ಬಳೆ ಚೂರು ಕೈಗೆ ಸೋಕಿಸಿಲ್ಲ" ಎಂದು ಊರಿನ ಹಿರಿಯರು ತಮ್ಮ ಸೊಸೆಯರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಆ ಮಾತು ಅವಳಿಗೆ ಒಂದು ಒಡವೆಯ ಹಾಗೆ ಇತ್ತು. ಬೇರೆ ಒಡವೆ ಇರಲಿಲ್ಲ.

ಆ ಮಾತು ಪೂರ್ತಿ ನಿಜವಲ್ಲ ಎಂದು ತಿಳಿದಿದ್ದವರು ಇಬ್ಬರೇ. ಒಬ್ಬಳು ಸಾಕಮ್ಮ. ಇನ್ನೊಬ್ಬಳು, ಒಂದು ಕಾಲದಲ್ಲಿ ಗೋಡೆ ಗೋಡೆಯ ಮೇಲೂ ನಗುತ್ತಿದ್ದ ಸಿನಿಮಾ ತಾರೆ ಲೀಲಾಂಬಿಕೆ.

ಸಾಕಮ್ಮ ನನಗೆ ಇದನ್ನು ಹೇಳಿದ್ದು ಎಲ್ಲ ಹೊರಬಿದ್ದ ಮೇಲೆ. ಅರವತ್ತಮೂರನೆಯ ಇಸವಿಯ ಜನವರಿ, ಗಂಡ ಹೋಗಿ ಒಂದು ವರ್ಷ. ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿ, ಊರ ಜನ ಹತ್ತಿರ ಬಾರದ ಹಾಗೆ ಕಾವಲಿಟ್ಟು, ಸಿನಿಮಾದವರು ಬಂದಿಳಿದಿದ್ದರು. ಗಂಡನ ದಾರಿ ಕಾಯುತ್ತ ಒಬ್ಬ ಹೆಂಗಸು ಅವರೆ ಹಿತುಕುವ ದೃಶ್ಯ. ಲೀಲಾಂಬಿಕೆಗೆ ಅದು ಬರಲಿಲ್ಲ. ಹಿಸುಕಿದಷ್ಟೂ ಕಾಳು ಜಾರಿ ಕ್ಯಾಮೆರಾದವನ ಕಾಲಿಗೆ ಹೋಗಿ ಬೀಳುತ್ತಿತ್ತು. ಕಾಳು ನೆನೆಸಿ ತಂದುಕೊಡಲು ಗೊತ್ತುಮಾಡಿದ್ದ ಸಾಕಮ್ಮ ಅಲ್ಲೇ ಮರದ ಕೆಳಗೆ ಕೂತಿದ್ದಳು. ನಿರ್ದೇಶಕರು ಅವಳ ಕೈ ನೋಡಿದರು. ಮುಖ ಲೀಲಾಂಬಿಕೆಯದು ಇರಲಿ, ಕೈ ಇವಳದು ಇರಲಿ ಎಂದರು. ಆದರೆ ಕಥೆಯ ಹೆಂಗಸು ಮುತ್ತೈದೆ. ಬರಿಗೈ ಆಗುವುದಿಲ್ಲ.

"ನಾನು ಒಲ್ಲೆ ಅಂದೆ ಮಗಾ" ಎಂದಳು ಸಾಕಮ್ಮ. "ಆವಮ್ಮ ಪಕ್ಕಕ್ ಬಂದು ಕೂತ್ಕಂಡ್ಳು. ತನ್ ಕೈಯಿಂದ ಒಂದೊಂದೇ ಬಳೆ ತೆಗೀತಾ, ನನ್ ಕೈಗೆ ಇಕ್ತಾ ಹೋದ್ಳು. ಹಸ್ರು ಗಾಜಿನ್ ಬಳೆ. ನಾನು ಒಲ್ಲೆ ಅಂದಿದ್ದು ಒಂದೇ ಸಲ. ಎರಡ್ನೇ ಸಲ ಅನ್ನಕ್ಕೆ ನಾಲ್ಗೆ ಏಳ್ಲಿಲ್ಲ."

ಚಿತ್ರೀಕರಣ ಮುಗಿದದ್ದು ಅರ್ಧ ಗಂಟೆಯಲ್ಲಿ. ಸಾಕಮ್ಮ ಎದ್ದಿದ್ದು ಸಂಜೆಗೆ. ಒಂದು ಮೊರದ ತುಂಬ ಇದ್ದ ಕಾಳನ್ನೆಲ್ಲ ಅವಳು ಹಿತುಕಿ ಮುಗಿಸಿದಳು. ಲೀಲಾಂಬಿಕೆ ಜೊತೆಗೆ ಕೂತು, ಅವಳ ಕೈ ನೋಡುತ್ತ ನೋಡುತ್ತ ಕಲಿತಳು. ಹೊತ್ತು ಮುಳುಗುವಾಗ ಸಾಕಮ್ಮ ಬಳೆಗಳನ್ನು ತೆಗೆದು, ಸೆರಗಿನಲ್ಲಿ ಒರೆಸಿ ಹಿಂದಕ್ಕೆ ಕೊಟ್ಟು, "ನನ್ ಹೆಸ್ರು ಎಲ್ಲೂ ಯೋಳ್ಬ್ಯಾಡಿ ಕಣ್ರವ್ವ" ಎಂದಳು. ಲೀಲಾಂಬಿಕೆ ಅವಳ ಕೈ ಮುಟ್ಟಿ ಆಗಲಿ ಎಂದಳು.

ಆ ಚಿತ್ರ ಹುಣಸೂರಿಗೂ ಬಂತು, ಆಮೇಲೆ ಹನಗೋಡಿನ ಟೆಂಟಿಗೂ ಬಂತು. ಊರಿಗೆ ಊರೇ ಗಾಡಿ ಕಟ್ಟಿತು. ಸಾಕಮ್ಮ ತಲೆನೋವೆಂದು ಮನೆಯಲ್ಲಿ ಮಲಗಿದಳು. ಯಾರಾದರೂ ಆ ಬೆರಳನ್ನು ಗುರುತು ಹಿಡಿದಾರೆಂದು ಅವಳಿಗೆ ಭಯ. ಯಾರೂ ಹಿಡಿಯಲಿಲ್ಲ. ಜನ ಲೀಲಾಂಬಿಕೆಯ ಕಣ್ಣೀರು ನೋಡುತ್ತಿದ್ದರು.

ಇಷ್ಟೇ ಆಗಿದ್ದರೆ ಅದು ಹಳೆಯ ಗುಟ್ಟಾಗಿ ಅವಳ ಜೊತೆಗೇ ಹೋಗುತ್ತಿತ್ತು. ಆದರೆ ತೊಂಬತ್ತನಾಲ್ಕರಲ್ಲಿ ದೇವರಾಜು ಕಾಮಾಲೆಯಿಂದ ತೀರಿಕೊಂಡ. ಹನ್ನೊಂದನೆಯ ದಿನ ಹೊಳೆದಂಡೆಯಲ್ಲಿ ಪ್ರಮೀಳಾಳ ಬಳೆ ಒಡೆಯಬೇಕಾಯಿತು. ನಮ್ಮ ಕಡೆ ಅದನ್ನು ಮೊದಲೇ ಗಂಡನನ್ನು ಕಳೆದುಕೊಂಡ ಇನ್ನೊಬ್ಬ ಹೆಂಗಸೇ ಮಾಡಬೇಕು. ಕಲ್ಲು ಹಿಡಿದವಳು ಸಾಕಮ್ಮ. ಪ್ರಮೀಳಾ ಕೈ ಹಿಂದಕ್ಕೆಳೆದುಕೊಂಡು, "ಅತ್ತೆ, ಇವತ್ತೊಂದಿನ ಬುಡಿ. ನಾಳೆ ನಾನೇ ತೆಗ್ದ್ ಬುಡ್ತೀನಿ" ಎಂದು ಬೇಡಿಕೊಂಡಳು. ಊರೆಲ್ಲ ನಿಂತು ನೋಡುತ್ತಿತ್ತು. ನಾನೂ ಅಮ್ಮನ ಹಿಂದೆ ನಿಂತಿದ್ದೆ.

"ನಾನು ಒಂದಿನನಾರಾ ಇಕ್ಕೊಂಡಿದ್ನಾ?" ಎಂದಳು ಸಾಕಮ್ಮ. "ಈ ಕೈ ನೋಡು. ಒಂದಿನ ಇಕ್ಕೊಂಡಿದ್ನಾ?"

ಪ್ರಮೀಳಾ ಕೈ ಚಾಚಿದಳು.

ತೊಂಬತ್ತೊಂಬತ್ತರ ದೀಪಾವಳಿಯ ಸುಮಾರಿಗೆ ಒಂದು ವಾರಪತ್ರಿಕೆಯಲ್ಲಿ ಲೀಲಾಂಬಿಕೆ ತನ್ನ ಜೀವನದ ಕಥೆ ಹೇಳತೊಡಗಿದಳು. ವಾರಕ್ಕೆ ಒಂದು ಪುಟ ಕಥೆ, ಅದರ ಕೆಳಗೆ ಅವಳ ಅಡುಗೆಮನೆಯ ಒಂದು ತಿಂಡಿ. ಬಸ್‌ಸ್ಟಾಪಿನ ನಂಜಣ್ಣನ ಅಂಗಡಿಗೆ ಅದರ ಒಂದೇ ಪ್ರತಿ ಬರುತ್ತಿತ್ತು. ಹುಣಸೂರಿನ ಕಾಲೇಜಿನಿಂದ ಇಳಿದು ಬರುವಾಗ ನಾನು ಅದನ್ನು ತರುತ್ತಿದ್ದೆ. ಸಾಕಮ್ಮ ಅದರ ಸುದ್ದಿ ಕೇಳಿದವಳೇ ನನ್ನನ್ನು ಕರೆದಳು.

"ಲೀಲಾಂಬಿಕೇದು ಬತ್ತದಂತೆ. ನಂಗೂ ಒಸಿ ಓದಿ ಯೋಳವ್ವ. ಒಂದು ವಾರಾನೂ ಬುಡ್ಬ್ಯಾಡ."

ನಂಜಣ್ಣ ನಗುತ್ತಿದ್ದ. "ಏನವ್ವ ಹರ್ಷಿತಾ, ಸಾಕವ್ವಂಗೆ ಈ ವಯಸ್ಸಲ್ಲಿ ಸಿನಿಮಾ ಗೀಳು ಹತ್ಕತಾ? ಕೇಳು, ಮದ್ರಾಸ್ಗೆ ಟಿಕೀಟು ತಗಸ್ಬೇಕಾ ಅಂತ."

ನಾನೂ ಅದನ್ನು ಅಭಿಮಾನವೆಂದೇ ತಿಳಿದಿದ್ದೆ. ಪುಟ ಬಿಚ್ಚಿದೊಡನೆ ಸಾಕಮ್ಮ, "ನಮ್ ಕಡೆ ಏನಾರ ಬಂದದಾ?" ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ಅವಳ ಉಸಿರು ಕೆಳಗಿಳಿಯುತ್ತಿತ್ತು. ಆಮೇಲೇ ಅವಳ ಕೈಗೆ ಕೆಲಸ ಹಿಡಿಯುತ್ತಿತ್ತು.

ಲೀಲಾಂಬಿಕೆ ಹುಟ್ಟಿದ್ದು ಪಿರಿಯಾಪಟ್ಟಣದಲ್ಲಿ, ನಾಟಕದ ಕಂಪನಿ ಮೊಕ್ಕಾಂ ಹಾಕಿದ್ದಾಗ, ಪರದೆಯ ಹಿಂದೆ. ತಂದೆ ಹಾರ್ಮೋನಿಯಂ ನುಡಿಸುತ್ತಿದ್ದ. ಅವಳ ಹುಟ್ಟು ಹೆಸರು ಮಂಗಳಗೌರಿ. ಹದಿನಾರಕ್ಕೆ ಮದ್ರಾಸಿನ ರೈಲು ಹತ್ತಿದಳು. ಹೆಸರು ಹಳೆಯದಾಯಿತೆಂದು ಅಲ್ಲಿ ಬದಲಾಯಿಸಿದರು. ಇಷ್ಟನ್ನು ಕೇಳುವಾಗ ಸಾಕಮ್ಮ, "ಪಾಪ, ಒಂದ್ ಊರು ಅಂತ ಇರ್ಲಿಲ್ಲ" ಎಂದಳು. ಪ್ರಮೀಳಾ ಹೊಗೆಸೊಪ್ಪು ವಿಂಗಡಿಸುವ ಗ್ರೇಡಿಂಗ್ ಕೆಲಸಕ್ಕೆ ಹೊರಡುವ ಮುಂಚೆ, ಬುತ್ತಿ ಕಟ್ಟುತ್ತ ಅರ್ಧ ಕೇಳಿಸಿಕೊಳ್ಳುತ್ತಿದ್ದಳು.

ಒಂದು ವಾರ ಪ್ರಮೀಳಾಳೂ ಬುತ್ತಿ ಕೆಳಗಿಟ್ಟು ನಿಂತಳು. ಲೀಲಾಂಬಿಕೆ ಹನ್ನೊಂದು ವರ್ಷ ಒಬ್ಬ ನಿರ್ಮಾಪಕರ ಜೊತೆ ಬಾಳಿದ್ದಳು. ಅವರಿಗೆ ಬೇರೆ ಸಂಸಾರವಿತ್ತು. "ಎಂಬತ್ತೆರಡು ಚಿತ್ರಗಳಲ್ಲಿ ನನಗೆ ತಾಳಿ ಕಟ್ಟಿದರು" ಎಂದು ಅವಳು ಹೇಳಿದ್ದಳು. "ಕ್ಯಾಮೆರಾ ಇಲ್ಲದ ಕಡೆ ಯಾರೂ ಕಟ್ಟಲಿಲ್ಲ. ಅವರು ಹೋದ ದಿನ ಗೇಟಿನಾಚೆ ನಿಂತಿದ್ದೆ. ನನ್ನ ಬಳೆ ಒಡೆಯಲು ಯಾರೂ ಬರಲಿಲ್ಲ. ಒಡೆಸಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಸಂಜೆ ಮನೆಗೆ ಬಂದು, ತೊಟ್ಟ ಬಳೆಯಲ್ಲೇ ಅನ್ನ ಬಡಿಸಿಕೊಂಡು ಊಟ ಮಾಡಿದೆ."

ಆ ವಾರದ ತಿಂಡಿ ಕೋಸಂಬರಿ. ಅದನ್ನು ಓದು ಎಂದು ಯಾರೂ ಹೇಳಲಿಲ್ಲ, ನಾನೂ ಓದಲಿಲ್ಲ.

ಹದಿಮೂರನೆಯ ಕಂತು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅವತ್ತು ಭಾನುವಾರ. ಪ್ರಮೀಳಾಳಿಗೆ ಕೆಲಸವಿರಲಿಲ್ಲ, ಅತ್ತೆಯ ಎದುರು ಕೂತು ಅವರೆ ಹಿತುಕುತ್ತಿದ್ದಳು. ನಾನು ಮೊದಲ ಸಾಲಿನಲ್ಲೇ "ಹುಣಸೂರಿನ ಕಡೆ" ಎಂಬುದನ್ನು ಕಂಡು ಖುಷಿಯಿಂದ, "ನಮ್ ಕಡೇದು ಬಂತು ಅಜ್ಜಿ!" ಎಂದೆ. ಸಾಕಮ್ಮ ತಲೆ ಎತ್ತಲಿಲ್ಲ. "ಓದು" ಎಂದಳು.

ನಾನು ಓದಿದೆ.

"ಹುಣಸೂರಿನ ಕಡೆ, ಹೊಳೆದಂಡೆಯ ಒಂದು ಊರು. ಜನ ಇವತ್ತಿಗೂ ಮೆಚ್ಚುವ ಆ ಅವರೆ ಹಿತುಕುವ ಕೈಗಳು ನನ್ನವಲ್ಲ. ಅಲ್ಲಿನ ಒಬ್ಬ ಹುಡುಗಿಯವು. ಚಿಕ್ಕ ವಯಸ್ಸು, ಬರಿಗೈ. ನನ್ನ ಹಸಿರು ಬಳೆ ಅವಳಿಗೆ ತೊಡಿಸಿದೆ. ವಾಪಸು ಕೊಡುವಾಗ ಒಂದೊಂದನ್ನೂ ಸೆರಗಿನಿಂದ ಒರೆಸಿ ಕೊಟ್ಟಳು. ಚಿತ್ರ ಕಪ್ಪು ಬಿಳುಪು, ಆ ಹಸಿರನ್ನು ನಾವು ಕೆಲವರು ಬಿಟ್ಟರೆ ಯಾರೂ ನೋಡಲಿಲ್ಲ. ಹೆಸರು ಹೇಳಬೇಡಿ ಎಂದಿದ್ದಳು. ಮೂವತ್ತೇಳು ವರ್ಷ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಅವಳಿಂದ ಕಲಿತ ತಿಂಡಿಯನ್ನಾದರೂ ಹೇಳುತ್ತೇನೆ."

ಸಾಕಮ್ಮನ ಉಸಿರು ಕೆಳಗಿಳಿದದ್ದು ನನಗೆ ಕೇಳಿಸಿತು. ಹೆಸರು ಬರಲಿಲ್ಲ. ಅವಳು ಮತ್ತೊಂದು ಕಾಳು ಎತ್ತಿಕೊಂಡಳು.

"ತಿಂಡಿ ಯಾವ್ದು?" ಎಂದಳು ಪ್ರಮೀಳಾ.

"ಹಿತುಕಿದ ಬೇಳೆ ಕರಿದದ್ದು" ಎಂದು ನಾನು ಮುಂದುವರಿಸಿದೆ. "ಒಂದು ಪಾವು ಹಸಿ ಅವರೆಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಹಿತುಕಿ, ಬೇಳೆಯನ್ನು ಬಿಳಿ ಬಟ್ಟೆಯ ಮೇಲೆ ನೀರಾರುವವರೆಗೆ ಹರಡಿ. ಕಾದ ಎಣ್ಣೆಗೆ ಒಂದೊಂದು ಹಿಡಿ ಹಾಕಿ. ಮೊದಲು ಎಣ್ಣೆ ಜೋರಾಗಿ ಸದ್ದು ಮಾಡುತ್ತದೆ. ಸದ್ದು ಅಡಗಿ ಬೇಳೆ ತೇಲಿದಾಗ ತೆಗೆಯಿರಿ. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಣಕೊಬ್ಬರಿಯ ತೆಳು ಚೂರುಗಳನ್ನು ಅದೇ ಎಣ್ಣೆಯಲ್ಲಿ ಕರಿದು, ಉಪ್ಪು, ಅಚ್ಚಖಾರದ ಪುಡಿಯ ಜೊತೆ ಬೇಳೆಗೆ ಬೆರೆಸಿ. ಊಟಕ್ಕೆ ಮೊದಲು, ಬಂದ ನೆಂಟರ ಕೈಗೆ ಬಿಸಿಬಿಸಿಯಾಗಿ ಒಂದೊಂದು ಹಿಡಿ ಕೊಡಿ."

"ಹುಚ್ಚೆಳ್ಳೆಣ್ಣೆ ಅಂತ ಬರೀಬೇಕಾಗಿತ್ತು" ಎಂದಳು ಸಾಕಮ್ಮ. ಅವಳ ದನಿ ಹಗುರವಾಗಿತ್ತು.

ಕೊನೆಗೆ ಎರಡು ಸಾಲು ಉಳಿದಿದ್ದವು. ಮುಂದೇನಿದೆಯೆಂದು ನೋಡದೆ ಓದಿಬಿಟ್ಟೆ.

"ಹಿತುಕುವ ಬಗೆ: ಕಾಳನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಡಿಯಬೇಕು. ತೋರುಬೆರಳು ತಾಗಕೂಡದು, ನೆಟ್ಟಗೆ ಮೇಲೆತ್ತಿರಬೇಕು. ಆ ಊರಿನ ಕ್ರಮವೇ ಹಾಗೆ."

ಪ್ರಮೀಳಾಳ ಕೈ ನಿಂತಿತು.

ಲೀಲಾಂಬಿಕೆ ಮಾತು ಮುರಿದಿರಲಿಲ್ಲ. ಹಳೆಯ ಗಾಯದ ಗುರುತನ್ನು ಅವಳು ಒಂದು ಊರಿನ ಕ್ರಮವೆಂದು ತಿಳಿದಿದ್ದಳು. ಅಷ್ಟು ವರ್ಷ ತನ್ನ ಅಡುಗೆಮನೆಯಲ್ಲಿ, ಚೆನ್ನಾಗಿ ಮಡಚುವ ಬೆರಳನ್ನು ಮೇಲೆತ್ತಿಕೊಂಡೇ ಕಾಳು ಹಿತುಕಿದ್ದಳು.

"ಅತ್ತೆ" ಎಂದಳು ಪ್ರಮೀಳಾ, "ಯಾವ್ ಊರಲ್ಲಿ ಅತ್ತೆ ಈ ಕ್ರಮ ಇರೋದು?"

ಸಾಕಮ್ಮನ ಬೆರಳುಗಳ ನಡುವೆ ಒಂದು ಕಾಳು ಹಾಗೇ ಇತ್ತು.

"ಹನ್ನೆರಡು ವರ್ಸ ಆಯ್ತು ನಾನು ಈ ಮನೆಗ್ ಬಂದು. ನಮ್ ತವ್ರು ಹ್ಯಾಂಡ್‌ಪೋಸ್ಟ್ ಕಡೇನೂ ನೋಡಿವ್ನಿ, ಇಲ್ಲಿ ಕೆಲ್ಸುಕ್ ಬರೋ ಹೆಂಗಸ್ರನ್ನೂ ನೋಡಿವ್ನಿ. ಬೆರ್ಳು ಎತ್ಕಂಡು ಹಿತ್ಕೋರ್ನ ಒಬ್ರನ್ನೇ ಕಂಡಿರೋದು ನಾನು."

"ನಾನೇ ಕಣವ್ವ" ಎಂದಳು ಸಾಕಮ್ಮ.

"ಇಕ್ಕೊಂಡಿದ್ರಾ?"

"ಇಕ್ಕೊಂಡಿದ್ದೆ. ಮಧ್ಯಾನದಿಂದ ಬೈಗಿನ್ ಗಂಟ."

"ಎಷ್ಟು?"

"ಕೈಗೆ ಆರಾರು."

ಪ್ರಮೀಳಾ ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. "ಚೆಂದಾಗಿತ್ತಾ?"

ಸಾಕಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಊಂ ಕಣವ್ವ. ಚೆಂದಾಗಿತ್ತು."

"ನಾನೂ ಒಂದಿನ ಕೇಳ್ದೆ ಅತ್ತೆ. ಒಂದೇ ಒಂದಿನ ಕೇಳ್ದೆ."

ಅವಳು ಕೂಗಾಡಲಿಲ್ಲ. ಎದ್ದು ಕೈ ತೊಳೆದುಕೊಂಡು ಹಿತ್ತಲಿಗೆ ಹೋದಳು. ಸಾಕಮ್ಮ ಬೆರಳ ನಡುವಿನ ಕಾಳನ್ನು ಹಿತುಕದೆಯೇ ಮತ್ತೆ ನೀರಿಗೆ ಬಿಟ್ಟಳು.

ಆಮೇಲೆ ನಾಲ್ಕು ದಿನ ಆ ಮನೆಯಲ್ಲಿ ಬೇಕಾದಷ್ಟೇ ಮಾತು. ನೀರು ಕಾದಿದೆ, ಚಿನ್ನು ಸ್ಕೂಲಿಗೆ ಹೋದಳು, ಉಪ್ಪು ಮುಗಿದಿದೆ. ಗೋಡೆಯ ಈಚೆಗೆ ನಮಗೆ ಅಷ್ಟೂ ಕೇಳಿಸುತ್ತಿತ್ತು. ಎರಡನೆಯ ದಿನ ಸಾಕಮ್ಮ ನನ್ನನ್ನು ಕರೆದು ಹೊಳೆದಂಡೆಯ ಆ ಮಧ್ಯಾಹ್ನವನ್ನು ಹೇಳಿದಳು. ಹೇಳಿ ಮುಗಿಸಿ, "ಹುಣಸೂರಿಂದ ಒಂದ್ ಡಜನ್ ಹಸ್ರು ಬಳೆ ತಂದ್ಕೊಡವ್ವ" ಎಂದಳು.

ತಂದುಕೊಟ್ಟೆ. ಸಾಕಮ್ಮ ಕಾಗದದ ಪೊಟ್ಟಣವನ್ನು ಬಿಚ್ಚದೆಯೇ, ಒಲೆಯ ಮುಂದೆ ಕೂತಿದ್ದ ಸೊಸೆಯ ಪಕ್ಕಕ್ಕೆ ಸರಿಸಿದಳು. ಪ್ರಮೀಳಾ ಬಿಚ್ಚಿ ನೋಡಿದಳು. ಮತ್ತೆ ಹಾಗೇ ಮಡಚಿದಳು.

"ಹಸ್ರು ಬ್ಯಾಡ ಅತ್ತೆ. ನಂಗೆ ಹಸ್ರು ಯಾವತ್ತೂ ಇಷ್ಟ ಇರ್ಲಿಲ್ಲ. ನೀವು ಕೇಳ್ಲಿಲ್ಲ."

"ಯಾವ್ದು ಬೇಕು ಯೋಳು, ತರುಸ್ತೀನಿ."

"ಯಾವ್ದೂ ಬ್ಯಾಡ ಬುಡಿ. ಅವತ್ತು ಊರ್ ಮುಂದೆ ಒಡುದ್ರಿ. ಇವತ್ತು ಒಲೆ ಮುಂದೆ ಬಚ್ಚಿಟ್ಕಂಡು ಕೊಡ್ತೀರಾ?"

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಸಾಕಮ್ಮ ಜೊತೆಗೇ ಬಂದಳು. ಕೈಯಲ್ಲಿ ಆ ಪತ್ರಿಕೆಯಿತ್ತು. ನಂಜಣ್ಣನ ಅಂಗಡಿಯ ಕಟ್ಟೆಯ ಮೇಲೆ ಐದಾರು ಜನ ಬೀಡಿ ಹಚ್ಚಿಕೊಂಡು ಬಸ್ಸು ಕಾಯುತ್ತಿದ್ದರು. ಹಿರಿಯ ಚಾಮಯ್ಯನವರೂ ಇದ್ದರು. ದೇವರಾಜುವಿನ ಹನ್ನೊಂದನೆಯ ದಿನ ಹೊಳೆದಂಡೆಯಲ್ಲಿ, "ಸಾಕವ್ವನ್ನ ನೋಡಿ ಕಲ್ತ್ಕೋ" ಎಂದು ಪ್ರಮೀಳಾಳಿಗೆ ಬುದ್ಧಿ ಹೇಳಿದ್ದವರು ಅವರೇ.

"ನಂಜಣ್ಣ, ಇದ್ನ ಎಲ್ಲಾರ್ಗೂ ಕೇಳಂಗೆ ಓದಪ್ಪ" ಎಂದಳು ಸಾಕಮ್ಮ.

"ಏನ್ ಸಾಕವ್ವ, ನಿನ್ ಫೋಟೋ ಹಾಕವ್ರಾ?"

"ಓದು."

ನಂಜಣ್ಣ ನಾಟಕದವರ ದನಿಯಲ್ಲಿ ಶುರುಮಾಡಿದ. ಬರಿಗೈಯ ಹುಡುಗಿಯ ಹತ್ತಿರ ಬಂದಾಗ ಆ ದನಿ ಸಹಜವಾಯಿತು. ಬೆರಳಿನ ಸಾಲಿಗೆ ಬಂದಾಗ ಅವನು ಓದುವುದನ್ನು ನಿಲ್ಲಿಸಿ ಸಾಕಮ್ಮನ ಕಡೆ ನೋಡಿದ. ಅವಳು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು.

"ಆ ಕೈ ನಂದೇ" ಎಂದಳು. "ಚಾಮಣ್ಣ, ನಾನು ಗಂಡ ಸತ್ ಮ್ಯಾಲೂ ಬಳೆ ಇಕ್ಕೊಂಡಿವ್ನಿ. ನನ್ ಸೊಸೆ ಬೇಡ್ಕಂಡಾಗ ಇಲ್ಲ ಅಂತ ಸುಳ್ ಯೋಳ್ದೆ. ಅವತ್ತು ನಿಂತಿದ್ದೋರೆಲ್ಲಾ ಇದ್ನೂ ಕೇಳುಸ್ಕಳಿ."

ಚಾಮಯ್ಯ ಕೆಮ್ಮಿದರು. "ಆಗೋಗಿದ್ದು ಬುಡವ್ವ. ಅದ್ನ ಈಗ್ಯಾಕೆ ಕೆದುಕ್ತೀಯಾ."

"ನಿಮ್ಗೆ ಆಗೋಗದೆ. ಅವ್ಳ್ ಕೈ ಇನ್ನೂ ಹಂಗೇ ಅದಲ್ಲಪ್ಪ."

ಬಸ್ಸು ಬಂತು. ಕಿಟಕಿಯಿಂದ ನೋಡಿದಾಗ ಸಾಕಮ್ಮ ಊರ ಕಡೆ ತಿರುಗಿ ನಡೆಯುತ್ತಿದ್ದಳು. ಮೂವತ್ತೆಂಟು ವರ್ಷ ಇಟ್ಟುಕೊಂಡಿದ್ದ ಒಂದೇ ಒಡವೆಯನ್ನು ಆ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದಳು. ನಡಿಗೆ ಎಂದಿನದೇ.

ಸಂಜೆಯ ಹೊತ್ತಿಗೆ ಸುದ್ದಿ ಗ್ರೇಡಿಂಗ್ ಶೆಡ್ಡಿಗೂ ಮುಟ್ಟಿತ್ತು. ಕೆಲವರು ನಕ್ಕರು, ಕೆಲವರು ಆಡಿಕೊಂಡರು. ಪ್ರಮೀಳಾ ಸೊಪ್ಪು ವಿಂಗಡಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳಂತೆ.

ಶನಿವಾರ ಅರ್ಧ ದಿನ ಕೆಲಸ. ಅವಳು ನೇರ ಮನೆಗೆ ಬರದೆ ಹುಣಸೂರಿಗೆ ಹೋಗಿದ್ದಳು. ನಾನು ಇಳಿದ ಬಸ್ಸಿನಿಂದಲೇ ಇಳಿದಳು. ಸೆರಗನ್ನು ಮುಂಗೈ ಮುಚ್ಚುವ ಹಾಗೆ ಹೊದ್ದಿದ್ದಳು. ನಂಜಣ್ಣನ ಅಂಗಡಿಯ ಮುಂದೆ ಬರುವಾಗ ಸೆರಗು ಸರಿಸಿದಳು. ಎರಡೂ ಕೈಯಲ್ಲಿ ಎರಡೆರಡು ಬಳೆ, ಕಡುನೀಲಿ. ಕಟ್ಟೆಯ ಮೇಲಿದ್ದವರು ತಿರುಗಿ ನೋಡಿದರು. ಅವಳು ನಡಿಗೆಯನ್ನು ಜೋರೂ ಮಾಡಲಿಲ್ಲ, ನಿಧಾನವೂ ಮಾಡಲಿಲ್ಲ.

ಸಾಕಮ್ಮ ಹಜಾರದಲ್ಲಿ ಕೂತು ಆ ವರ್ಷದ ಕೊನೆಯ ಅವರೆಯನ್ನು ಹಿತುಕುತ್ತಿದ್ದಳು. ಸೊಸೆ ಎದುರು ಬಂದು ಕೂತು ಪಾತ್ರೆಗೆ ಕೈ ಹಾಕಿದಾಗ ಬಳೆಗಳು ಅಂಚಿಗೆ ತಗುಲಿ ಸದ್ದಾದವು. ಸಾಕಮ್ಮ ತಲೆ ಎತ್ತಿ ನೋಡಿದಳು. ಆಮೇಲೆ ಒದ್ದೆ ಕೈಯಿಂದಲೇ ಸೊಸೆಯ ಮಣಿಕಟ್ಟನ್ನು ಹಿಡಿದು, ಬಳೆಯನ್ನು ಒಮ್ಮೆ ಮೇಲಕ್ಕೂ ಕೆಳಕ್ಕೂ ಆಡಿಸಿದಳು. ಅದು ಬೆರಳುಗಳ ಬುಡದವರೆಗೂ ಜಾರಿ ಬಂತು.

"ಸಡ್ಲ ಆಯ್ತಲ್ಲವ್ವ" ಎಂದಳು. "ಒಂದ್ ಸೈಜು ಚಿಕ್ಕುದ್ ತಗಬೇಕಾಗಿತ್ತು."

"ಬಳೆ ಅಂಗ್ಡಿಯೋನು ಸೈಜ್ ಕೇಳ್ದ ಅತ್ತೆ" ಎಂದಳು ಪ್ರಮೀಳಾ, ಕಾಳೊಂದನ್ನು ಹಿತುಕುತ್ತ. "ನಂಗೆ ಮರ್ತೇ ಹೋಗಿತ್ತು."